ಮನಸ್ಸಿನ ಮಾತ್ರೆ ತಗೊಂಡರೆ ಮೈ ಕಾವು ಏರುತ್ತದಾ? ಅಮ್ಮ "ಹೀಟು" ಅಂತಾರೆ, ಥರ್ಮಾಮೀಟರ್ "ಇಲ್ಲ" ಅನ್ನುತ್ತದೆ

ಬಿಸಿಲೂರು ಹುಡುಗ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಆತಂಕ ಜಾಸ್ತಿಯಾಗಿ ನಾಲ್ಕು ತಿಂಗಳಿಂದ ಸರ್ಟ್ರಲಿನ್ ತಗೊಳ್ಳುತ್ತಿದ್ದೇನೆ. ಮೊದಲು 50 ಮಿಲಿಗ್ರಾಂ ಇತ್ತು, ಮಾರ್ಚ್‌ನಿಂದ 100. ಗುಣ ಕಂಡಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೌಂಟರ್ ಮುಂದೆ ಜನ ಕೂಗಾಡಿದರೂ ಈಗ ಎದೆ ಡವಡವ ಅನ್ನುವುದಿಲ್ಲ.

ಆದರೆ ಬೆವರು! ಫ್ಯಾನ್ ಕೆಳಗೆ ಕೂತರೂ ನೆತ್ತಿಯಿಂದ ಹನಿ ಇಳಿಯುತ್ತದೆ. ಮೊನ್ನೆ ಗ್ರಾಹಕರೊಬ್ಬರ ಪಾಸ್‌ಬುಕ್ ಮೇಲೆ ಎರಡು ಹನಿ ಬಿದ್ದು ಶಾಯಿ ಹರಡಿತು. ಅವರು ಏನೂ ಅನ್ನಲಿಲ್ಲ, ನನಗೇ ನಾಚಿಕೆ. ರಾತ್ರಿ ಎರಡು ಗಂಟೆಗೆ ಎದ್ದರೆ ದಿಂಬು ಒದ್ದೆ. ಅಮ್ಮ ದಿನಾ ಒಂದೇ ಮಾತು: "ಆ ಗುಳಿಗೆ ಹೀಟು, ಬಿಟ್ಟುಬಿಡು." ಸಬ್ಜಾ ಬೀಜ, ಮಜ್ಜಿಗೆ, ತಲೆಗೆ ಹರಳೆಣ್ಣೆ ಎಲ್ಲ ಆಯಿತು. ಥರ್ಮಾಮೀಟರ್ ಇಟ್ಟರೆ 98.4.

ನನ್ನ ಪ್ರಶ್ನೆ ಇಷ್ಟೇ. ಕಾವು ಏರಿಲ್ಲ ಅಂದಮೇಲೆ ಈ ಬೆವರು ಯಾಕೆ? ಅಮ್ಮನ ಮಾತಿನಲ್ಲಿ ಏನಾದರೂ ನಿಜ ಇದೆಯಾ? ಮೇ ತಿಂಗಳಲ್ಲಿ ನಮ್ಮೂರಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಮೆಡಿಕಲ್ ಶಾಪ್ ಅಣ್ಣ

ತಮ್ಮಾ, ಮೊದಲು ಒಂದು ಮಾತು. ನೀನಾಗಿ ನೀನೇ ನಿಲ್ಲಿಸಬೇಡ. ಥಟ್ ಅಂತ ಬಿಟ್ಟರೆ ತಲೆ ಸುತ್ತು, ಮಿದುಳೊಳಗೆ ಕರೆಂಟ್ ಹೊಡೆದ ಹಾಗೆ ಜುಮ್, ಅದರ ಮೇಲೆ ಮತ್ತೂ ಬೆವರು. ಮಾತ್ರೆ ತಗೊಂಡರೂ ಬೆವರು, ಬಿಟ್ಟರೂ ಬೆವರು ಅಂದ ಹಾಗಾಗುತ್ತದೆ.

ನೀನು ಹೇಳಿದ್ದು ಹೊಸದೇನಲ್ಲ. ಈ ಗುಂಪಿನ ಮಾತ್ರೆ ತಗೊಳ್ಳುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಜಾಸ್ತಿ ಬೆವರು ಬರುತ್ತದೆ. ಸರ್ಟ್ರಲಿನ್, ಪ್ಯಾರೊಕ್ಸೆಟಿನ್, ಎಸ್ಸಿಟಲೊಪ್ರಾಮ್, ವೆನ್ಲಾಫ್ಯಾಕ್ಸಿನ್ ಎಲ್ಲದರಲ್ಲೂ ನೋಡಿದ್ದೇನೆ. ಡೋಸ್ ಏರಿಸಿದಾಗ ಇನ್ನೂ ಜಾಸ್ತಿ. ಬಹಳಷ್ಟು ಜನ ಡಾಕ್ಟರಿಗೆ ಹೇಳುವುದೇ ಇಲ್ಲ, ಬಿಸಿಲು ಅಂದುಕೊಂಡು ಸುಮ್ಮನಿರುತ್ತಾರೆ.

ಬೇರೆ ಏನೇನು ತಗೊಳ್ಳುತ್ತೀಯಾ ಅಂತ ಬರಿ. ನೋವಿನ ಮಾತ್ರೆ, ಕೆಮ್ಮಿನ ಸಿರಪ್, ಎಲ್ಲ ಸೇರಿಸಿ. ಅದನ್ನು ಯಾಕೆ ಕೇಳುತ್ತೇನೆ ಅಂತ ಆಮೇಲೆ ಹೇಳುತ್ತೇನೆ.

ಬಿಸಿಲೂರು ಹುಡುಗ

ಬೇರೆ ಏನೂ ಇಲ್ಲ ಅಣ್ಣಾ. ವಾರಕ್ಕೊಮ್ಮೆ ಅಸಿಡಿಟಿ ಮಾತ್ರೆ, ಅಷ್ಟೇ.

ಇಲಿ ಕಾದವನು

ಔಷಧ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವಾಗ ಮೂರು ವರ್ಷ ಇಲಿಗಳ ಮೈ ಕಾವು ಅಳೆದಿದ್ದೇನೆ. ಈಗ ಬೇರೆ ಕೆಲಸ. ಆದರೆ ಈ ವಿಷಯ ಬಂದರೆ ಕೈ ಸುಮ್ಮನಿರುವುದಿಲ್ಲ.

ನಮ್ಮ ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಅಂತ ಒಂದು ಭಾಗ ಇದೆ, ಬಾದಾಮಿಯಷ್ಟು ದೊಡ್ಡದು. ಮೈ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುವ ಹಾಗೆ ನೋಡಿಕೊಳ್ಳುವ ಕಾವಲುಗಾರ ಅಲ್ಲಿದ್ದಾನೆ. ಬಿಸಿಯಾದರೆ ಚರ್ಮದ ರಕ್ತನಾಳ ಅಗಲ ಮಾಡುತ್ತಾನೆ, ಬೆವರು ಬಿಡುತ್ತಾನೆ. ತಣ್ಣಗಾದರೆ ನಾಳ ಬಿಗಿ ಮಾಡಿ ನಡುಗಿಸುತ್ತಾನೆ. ಅವನಿಗೆ ಸುದ್ದಿ ಕೊಡುವವರಲ್ಲಿ, ಅವನ ಆಜ್ಞೆ ಕೆಳಗೆ ಒಯ್ಯುವವರಲ್ಲಿ ಸೆರೊಟೋನಿನ್ ಅನ್ನುವ ನರ ರಾಸಾಯನಿಕ ಕೂಡ ಒಂದು. ಸರ್ಟ್ರಲಿನ್ ತಗೊಂಡಾಗ ಈ ಸೆರೊಟೋನಿನ್ ನರಗಳ ನಡುವಿನ ಸಂದಿಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಮನಸ್ಸಿಗೆ ಕೊಟ್ಟ ಮಾತ್ರೆ ಮನಸ್ಸಿನ ಬಾಗಿಲನ್ನು ಮಾತ್ರ ತಟ್ಟುವುದಿಲ್ಲ, ಪಕ್ಕದ ಮನೆ ಬಾಗಿಲನ್ನೂ ತಟ್ಟುತ್ತದೆ. ಹಾಗಾಗಿ ಕಾವು ಏರದಿದ್ದರೂ ಬೆವರಿನ ಆಜ್ಞೆ ಹೊರಡುತ್ತದೆ. ನಿಮ್ಮ 98.4 ಅದನ್ನೇ ಹೇಳುತ್ತಿದೆ. ಮೈ ಬಿಸಿಯಾಗಿಲ್ಲ, ಬಿಸಿಯಾದವರ ಹಾಗೆ ನಡೆದುಕೊಳ್ಳುತ್ತಿದೆ.

ಇದು ಗೊತ್ತಾಗಿದ್ದು ಬೆಕ್ಕುಗಳಿಂದ. 1963ರಲ್ಲಿ ಲಂಡನ್ನಿನಲ್ಲಿ ಫೆಲ್ಡ್‌ಬರ್ಗ್ ಮತ್ತು ಮೈಯರ್ಸ್ ಬೆಕ್ಕಿನ ಮಿದುಳಿನ ಕುಹರಕ್ಕೆ ನೇರವಾಗಿ ಸೆರೊಟೋನಿನ್ ಬಿಟ್ಟರು. ಬೆಕ್ಕು ನಡುಗಿತು, ಕಾವು ಏರಿತು. ನಾರ್‌ಅಡ್ರಿನಲಿನ್ ಅನ್ನುವ ಇನ್ನೊಂದು ನರ ರಾಸಾಯನಿಕ ಬಿಟ್ಟರೆ ಇಳಿಯಿತು. ಒಂದು ಬಿಸಿ ಮಾಡುತ್ತದೆ, ಇನ್ನೊಂದು ತಂಪು ಮಾಡುತ್ತದೆ, ಎರಡರ ತಕ್ಕಡಿಯೇ ಮೈ ಕಾವು ಅಂದರು. ಎಷ್ಟು ಚೆಂದದ ಸಿದ್ಧಾಂತ ಅಲ್ವಾ? ಆಮೇಲೆ ಯಾರೋ ಮೊಲದ ಮೇಲೆ ಮಾಡಿ ನೋಡಿದರು. ಎಲ್ಲ ಉಲ್ಟಾ.

ಮಲೆನಾಡ ಮಳೆ

ಅಂದರೆ ಹೀಟೋ ತಂಪೋ? ಒಂದು ಕಡೆ ನಿಲ್ಲಿ ಸಾರ್. ನಮ್ಮ ಕಡೆ ಹಲಸಿನ ಹಣ್ಣು ಉಷ್ಣ, ಎಳನೀರು ತಂಪು. ಮುಗೀತು.

ಇಲಿ ಕಾದವನು

ನಿಲ್ಲೋಕೆ ಆಗಲ್ಲ, ಅದೇ ಇದರ ಮಜಾ. ಸೆರೊಟೋನಿನ್ ಒಂದೇ, ಅದು ಹೋಗಿ ಕೂರುವ ಗ್ರಾಹಿಗಳು ಹದಿನಾಲ್ಕು ಬಗೆ. 1ಎ ಅನ್ನುವ ಗ್ರಾಹಿಯನ್ನು ಕೆರಳಿಸಿದರೆ ಇಲಿಯ ಕಾವು ಇಳಿಯುತ್ತದೆ. 2ಎ ಅನ್ನು ಕೆರಳಿಸಿದರೆ ಏರುತ್ತದೆ.

ನನ್ನ ಕಣ್ಣೆದುರು ನಡೆದದ್ದು ಹೇಳುತ್ತೇನೆ. ಇಲಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ. ಅದರ ರೇಡಿಯೇಟರ್ ಅಂದರೆ ಬಾಲ. ಬಿಸಿಯಾದರೆ ಬಾಲಕ್ಕೆ ರಕ್ತ ಹರಿಸಿ ಕಾವು ಹೊರಹಾಕುತ್ತದೆ, ಸಾಲದಿದ್ದರೆ ಮೈಗೆಲ್ಲ ಎಂಜಲು ಸವರಿಕೊಳ್ಳುತ್ತದೆ. 1ಎ ಔಷಧ ಕೊಟ್ಟು ಅರ್ಧ ಗಂಟೆ ಬಿಟ್ಟು ಅಳೆದರೆ ಎರಡು ಡಿಗ್ರಿ ಇಳಿದಿರುತ್ತಿತ್ತು. ಇಲಿ ಹೊಟ್ಟೆ ನೆಲಕ್ಕೆ ಹಚ್ಚಿ, ಕಾಲು ಚಾಚಿ ಮಲಗಿಬಿಡುತ್ತಿತ್ತು. 2ಎ ಔಷಧ ಕೊಟ್ಟ ದಿನ ಬಾಲ ತಣ್ಣಗೆ, ಮೈ ಸುಡುಸುಡು. ಕಾವು ಹೊರಹೋಗುವ ಬಾಗಿಲನ್ನೇ ಮುಚ್ಚಿದ ಹಾಗೆ.

ಇನ್ನೊಂದು ವಿಷಯಕ್ಕೆ ನಾನು ಒಂದು ಬೇಸಿಗೆ ಪೂರ್ತಿ ಕಳೆದುಕೊಂಡೆ. ನಮ್ಮ ಲ್ಯಾಬಿನ ಎಸಿ ಕೆಟ್ಟಿತ್ತು. ಏಪ್ರಿಲ್‌ನಲ್ಲಿ ಬಂದ ಅಂಕಿ ಡಿಸೆಂಬರ್ ಅಂಕಿಗೆ ತಾಳೆಯೇ ಆಗಲಿಲ್ಲ. ಗೈಡ್ ಹತ್ತಿರ ಬೈಸಿಕೊಂಡೆ. ಆಮೇಲೆ ಹಳೆ ಪ್ರಬಂಧ ತೆಗೆದು ನೋಡಿದರೆ ಇದು ಗೊತ್ತಿದ್ದ ಸಂಗತಿಯೇ. ಸೆರೊಟೋನಿನ್ ಸುರಿಸುವ ಎಂಡಿಎಂಎ ಅನ್ನೇ ತಗೊಳ್ಳಿ, ಪಾರ್ಟಿಗಳಲ್ಲಿ ಸಿಕ್ಕಿಬೀಳುವ ಮಾದಕ. ಅದನ್ನು 20 ಡಿಗ್ರಿ ಕೋಣೆಯಲ್ಲಿ ಇಲಿಗೆ ಕೊಟ್ಟರೆ ಕಾವು ಇಳಿಯಬಹುದು. 30 ಡಿಗ್ರಿ ಕೋಣೆಯಲ್ಲಿ ಅದೇ ಡೋಸ್ ಕೊಟ್ಟರೆ ಏರುತ್ತದೆ. ಔಷಧ ಕಾವಲುಗಾರನನ್ನು ತೂಕಡಿಸುವ ಹಾಗೆ ಮಾಡುತ್ತದೆ, ಆಮೇಲೆ ಮೈ ಹೊರಗಿನ ಹವೆ ಎಳೆದ ಕಡೆ ಹೋಗುತ್ತದೆ.

ಹಾಗಾಗಿ ಮಾತ್ರೆ "ಹೀಟು" ಅಂತಲೂ ಹೇಳಲಾರೆ, "ತಂಪು" ಅಂತಲೂ ಹೇಳಲಾರೆ. ಎಷ್ಟು ಡೋಸ್, ಯಾವ ಗ್ರಾಹಿ, ಹೊರಗೆ ಎಷ್ಟು ಬಿಸಿಲು, ಜೊತೆಗೆ ಇನ್ಯಾವ ಮಾತ್ರೆ. ಇಷ್ಟೂ ಸೇರಿ ಲೆಕ್ಕ.

ಹಸಿರುಡುಗೆ (ಅರಿವಳಿಕೆ ವೈದ್ಯೆ)

ನಮ್ಮ ಆಪರೇಷನ್ ಥಿಯೇಟರಿನ ಉದಾಹರಣೆ ಕೊಡುತ್ತೇನೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಬಹಳ ತಾಯಂದಿರು ಗಡಗಡ ನಡುಗುತ್ತಾರೆ. ಹಲ್ಲು ಕಟಕಟ, ಟೇಬಲ್ಲೇ ಅಲುಗುತ್ತದೆ. ಮಗುವನ್ನು ಎದೆ ಮೇಲೆ ಇಡೋಣ ಅಂದರೆ ಕೈ ನಿಲ್ಲುವುದಿಲ್ಲ. ಕಂಬಳಿ ಹೊದಿಸುತ್ತೇವೆ, ಆದರೂ ನಿಲ್ಲದಿದ್ದರೆ ಟ್ರಮಡಾಲ್ ಸ್ವಲ್ಪ, ನಿಧಾನಕ್ಕೆ. ನಿಮಿಷಗಳಲ್ಲಿ ನಡುಕ ಇಳಿಯುತ್ತದೆ. ಟ್ರಮಡಾಲ್ ನೋವಿನ ಔಷಧ ಅಂತ ಎಲ್ಲರಿಗೂ ಗೊತ್ತು. ಅದು ಸೆರೊಟೋನಿನ್ ಅನ್ನೂ ನಾರ್‌ಅಡ್ರಿನಲಿನ್ ಅನ್ನೂ ಸಂದಿಯಲ್ಲಿ ಉಳಿಸುತ್ತದೆ ಅಂತ ಕಡಿಮೆ ಜನಕ್ಕೆ ಗೊತ್ತು. ಆ ಗುಣವೂ ಸೇರಿ ನಡುಕ ನಿಲ್ಲುತ್ತದೆ.

ಅದಕ್ಕೇ ನಾನು ಪ್ರತಿ ರೋಗಿಗೂ "ಮನಸ್ಸಿಗೆ ಏನಾದರೂ ಮಾತ್ರೆ ತಗೊಳ್ಳುತ್ತೀರಾ?" ಅಂತ ಕೇಳುತ್ತೇನೆ. ಅತ್ತೆ ಪಕ್ಕದಲ್ಲಿದ್ದರೆ "ಇಲ್ಲ" ಅಂತಾರೆ. ಅತ್ತೆಯನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳುತ್ತೇನೆ.

ಕಾರಣ ಇದೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬಿ ಜಯಾನ್ ಅನ್ನುವ 18 ವರ್ಷದ ಹುಡುಗಿ ಜ್ವರ, ನಡುಕ ಅಂತ ಆಸ್ಪತ್ರೆಗೆ ಸೇರಿದಳು. ಖಿನ್ನತೆಗೆ ಫಿನೆಲ್ಜಿನ್ ತಗೊಳ್ಳುತ್ತಿದ್ದಳು. ನಡುಕ ನಿಲ್ಲಿಸಲು ಪೆಥಿಡಿನ್ ಅನ್ನುವ ನೋವಿನ ಔಷಧ ಕೊಟ್ಟರು. ಫಿನೆಲ್ಜಿನ್ ಸೆರೊಟೋನಿನ್ ಒಡೆಯುವ ಕಿಣ್ವವನ್ನೇ ಕಟ್ಟಿಹಾಕುವ ಔಷಧ, ಅದರ ಮೇಲೆ ಪೆಥಿಡಿನ್ ಕೊಡಬಾರದು. ಬೆಳಗಿನ ಜಾವಕ್ಕೆ ಕಾವು 107 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಹುಡುಗಿ ಉಳಿಯಲಿಲ್ಲ. ಸಾವಿನ ಕಾರಣದ ಬಗ್ಗೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಇವತ್ತು ಬಹಳ ವೈದ್ಯರು ಇದನ್ನು ಸೆರೊಟೋನಿನ್ ಸಿಂಡ್ರೋಮ್, ಅಂದರೆ ಸೆರೊಟೋನಿನ್ ಮಿತಿಮೀರಿ ಆಗುವ ತೊಂದರೆ ಅಂತಲೇ ಓದುತ್ತಾರೆ. ಅವಳ ಅಪ್ಪ ಪತ್ರಕರ್ತ, ಬಿಡಲಿಲ್ಲ. ಕಡೆಗೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ ತರಬೇತಿ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆ ಮಿತಿ ಹಾಕಿತು. ನಾನು ಪಿಜಿ ಮಾಡುವಾಗ ಈ 80 ಗಂಟೆ ಕೇಳಿ ನಕ್ಕಿದ್ದೆ. ನಮಗೆ ಅದು ರಜೆ ಇದ್ದ ಹಾಗೆ.

ರಾತ್ರಿ ಡ್ಯೂಟಿ

ಮೇಡಂ ಸಿಂಡ್ರೋಮ್ ಹೆಸರು ತೆಗೆದರಲ್ಲ, ಅದರ ಬಗ್ಗೆ ಒಂದು ರಾತ್ರಿಯ ಕಥೆ. ಊರು, ಆಸ್ಪತ್ರೆ ಬೇಡ.

ಅರವತ್ತು ದಾಟಿದ ಅಜ್ಜಿ. ರಾತ್ರಿ ಹನ್ನೊಂದಕ್ಕೆ ಆಟೋದಲ್ಲಿ ಕರೆತಂದರು. ಜ್ವರ 102.8, ಭೇದಿ, ಮೈಯೆಲ್ಲ ಬೆವರು, ಒಂದು ಕಡೆ ಮಲಗುತ್ತಿಲ್ಲ, ಸೆರಗು ಕಿತ್ತುಕೊಳ್ಳುತ್ತಿದ್ದಾರೆ. ಮಗ "ಫುಡ್ ಪಾಯ್ಸನ್ ಸಾರ್" ಅಂದ. ಸಂಜೆಯೇ ಬೇರೆ ಕಡೆ ತೋರಿಸಿ ಎರಡು ಪ್ಯಾರಾಸಿಟಮಾಲ್ ಕೊಡಿಸಿದ್ದ. ಜ್ವರ ಒಂದಿಷ್ಟೂ ಇಳಿದಿಲ್ಲ.

ನಾನೂ ಸೋಂಕು ಅಂತಲೇ ಬರೆಯಲು ಕೂತಿದ್ದೆ. ಸಿಸ್ಟರ್ ಡ್ರಿಪ್ ಹಾಕುತ್ತಾ "ಸಾರ್, ಅಜ್ಜಿ ಕಾಲು ನೋಡಿ" ಅಂದರು. ಪಾದ ಮಂಚದ ಕಂಬಿಗೆ ಒತ್ತಿಕೊಂಡಿತ್ತು, ತಾನಾಗಿ ಟಪಟಪ ಬಡಿದುಕೊಳ್ಳುತ್ತಿತ್ತು. ಹೊಲಿಗೆ ಮಷಿನ್ನಿನ ಪೆಡಲ್ ತುಳಿದ ಹಾಗೆ. ನಾನು ಪಾದ ಹಿಡಿದು ಒಮ್ಮೆಲೇ ಮೇಲಕ್ಕೆ ಒತ್ತಿದೆ. ಬಡಿತ ನಿಲ್ಲಲೇ ಇಲ್ಲ. ಇದಕ್ಕೆ ಕ್ಲೋನಸ್ ಅಂತಾರೆ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಅಗಲ. ಮೊಣಕಾಲು ತಟ್ಟಿದರೆ ಒದೆಯೇ ಬಂತು.

ಮಾತ್ರೆ ಚೀಲ ತರಿಸಿದೆ. ಎಸ್ಸಿಟಲೊಪ್ರಾಮ್, ವರ್ಷಗಳಿಂದ. ಹಿಂದಿನ ದಿನ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿದ್ದಕ್ಕೆ ಟ್ರಮಡಾಲ್. ಕೆಮ್ಮಿಗೆ ಅಂಗಡಿಯಿಂದ ತಂದ ಸಿರಪ್, ಅದರಲ್ಲಿ ಡೆಕ್ಸ್‌ಟ್ರೊಮೆಥಾರ್ಫನ್. ಮೂರೂ ಸೆರೊಟೋನಿನ್ ದಾರಿಯವೇ. ಒಂದೊಂದೂ ಬೇರೆ ಬೇರೆಯಾಗಿ ಸಾಧು, ಮೂವರೂ ಒಂದೇ ಮನೆಗೆ ನುಗ್ಗಿದ್ದರು.

ಪ್ಯಾರಾಸಿಟಮಾಲ್ ಯಾಕೆ ಕೆಲಸ ಮಾಡಲಿಲ್ಲ ಅಂತ ಮಗ ಕೇಳಿದ. ಒಳ್ಳೆ ಪ್ರಶ್ನೆ. ಸಾಮಾನ್ಯ ಜ್ವರದಲ್ಲಿ ಕಾವಲುಗಾರನೇ "ಇವತ್ತು 102 ಇರಲಿ" ಅಂತ ತೀರ್ಮಾನ ಮಾಡಿರುತ್ತಾನೆ. ಅದಕ್ಕೇ ನಮಗೆ ಚಳಿ, ಕಂಬಳಿ ಬೇಕು ಅನಿಸುತ್ತದೆ. ಪ್ಯಾರಾಸಿಟಮಾಲ್ ಆ ತೀರ್ಮಾನ ಬದಲಾಯಿಸುತ್ತದೆ. ಇಲ್ಲಿ ತೀರ್ಮಾನ ಯಾರೂ ಬದಲಿಸಿಲ್ಲ. ಸ್ನಾಯುಗಳು ಬಿಡುವಿಲ್ಲದೆ ದುಡಿದು ಕಾವು ಹುಟ್ಟಿಸುತ್ತಿವೆ. ಸ್ನಾಯು ಸಡಿಲವಾಗದೆ ಕಾವು ಇಳಿಯುವುದಿಲ್ಲ.

ಮೂರೂ ನಿಲ್ಲಿಸಿದೆವು. ಡ್ರಿಪ್, ಒದ್ದೆ ಬಟ್ಟೆ, ಫ್ಯಾನ್, ಸ್ನಾಯು ಸಡಿಲವಾಗಲು ಲೊರಾಜೆಪಾಮ್. ಆಮೇಲೆ ಸೈಪ್ರೊಹೆಪ್ಟಡೀನ್, 4 ಮಿಲಿಗ್ರಾಮಿನ ಮೂರು ಮಾತ್ರೆ. ಮಕ್ಕಳಿಗೆ ಹಸಿವಾಗಲಿ ಅಂತ ಸಿರಪ್ ಕೊಡುತ್ತಾರಲ್ಲ, ಅದೇ ಔಷಧ. 2ಎ ಗ್ರಾಹಿಯನ್ನು ಅದು ಮುಚ್ಚುತ್ತದೆ. ಅಜ್ಜಿಯ ಮಗ ಚೀಟಿ ಹಿಡಿದು ಮೆಡಿಕಲ್‌ಗೆ ಓಡಿ ವಾಪಸ್ ಬಂದ. "ಸಾರ್, ಅಂಗಡಿಯವರು ಇದು ಊಟ ಸೇರೋಕೆ ಕೊಡೋದು ಅಂತಾರೆ, ಸರಿಯಾಗಿ ಬರೆದಿದ್ದೀರಾ?" ಬೆಳಗ್ಗೆ ಆರಕ್ಕೆ 100. ಮಾರನೆಯ ದಿನ ಅಜ್ಜಿ ಉಪ್ಪಿಟ್ಟು ಕೇಳಿದರು.

ಇಲಿ ಕಾದವನು

ಇದೇ 2ಎ! ಇಲಿಯಲ್ಲೂ ಹಾಗೇ. ಸೆರೊಟೋನಿನ್ ಒಡೆಯದ ಹಾಗೆ ಮಾಡುವ ಔಷಧದ ಜೊತೆ ಫ್ಲುಆಕ್ಸೆಟಿನ್ (ಸರ್ಟ್ರಲಿನ್ ಗುಂಪಿನದೇ) ಕೊಟ್ಟರೆ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟಿ ಇಲಿ ಸಾಯುತ್ತದೆ. 2ಎ ಮುಚ್ಚುವ ಔಷಧ ಮೊದಲೇ ಕೊಟ್ಟಿದ್ದರೆ ಬದುಕುತ್ತದೆ.

ಮೆಡಿಕಲ್ ಶಾಪ್ ಅಣ್ಣ

ಬೇರೆ ಮಾತ್ರೆ ಏನು ಅಂತ ಯಾಕೆ ಕೇಳಿದೆ ಅಂತ ಈಗ ಗೊತ್ತಾಯಿತಲ್ಲ ತಮ್ಮಾ. 2018ರಿಂದ ಟ್ರಮಡಾಲ್ ಮಾದಕ ಔಷಧ ಕಾನೂನಿನ ಅಡಿ ಬಂದಿದೆ, ಚೀಟಿ ಇಲ್ಲದೆ ನಾವು ಕೊಡುವ ಹಾಗಿಲ್ಲ. ಆದರೆ ಮನೆಯಲ್ಲಿ ಹಳೆ ಸ್ಟ್ರಿಪ್ ಉಳಿದಿರುತ್ತದೆ. "ಅಣ್ಣನಿಗೆ ಸೊಂಟನೋವಿಗೆ ಕೊಟ್ಟಿದ್ದರು, ನೀನೂ ನುಂಗು." ನಮ್ಮ ಜನಕ್ಕೆ ಮಾತ್ರೆ ಅಂದರೆ ಉಪ್ಪಿನಕಾಯಿ ಇದ್ದ ಹಾಗೆ, ಪಕ್ಕದ ಮನೆಗೂ ಹಂಚುತ್ತಾರೆ.

ಇನ್ನೊಂದು ಸೇರಿಸುತ್ತೇನೆ. ಔಷಧಕ್ಕೆ ಬಗ್ಗದ ಟಿಬಿಗೆ ಲಿನೆಜೊಲಿಡ್ ಕೊಡುತ್ತಾರೆ. ಅದು ಆಂಟಿಬಯಾಟಿಕ್, ಆದರೆ ಸೆರೊಟೋನಿನ್ ಒಡೆಯುವ ಆ ಕಿಣ್ವವನ್ನು ಸ್ವಲ್ಪ ಕಟ್ಟಿಹಾಕುತ್ತದೆ. ಟಿಬಿ ರೋಗಿಗೆ ಖಿನ್ನತೆಯೂ ಇರುವುದು ಸಾಮಾನ್ಯ ಅಲ್ವಾ? ಎರಡು ಚೀಟಿ, ಎರಡು ಡಾಕ್ಟರು, ಒಬ್ಬರಿಗೊಬ್ಬರು ಗೊತ್ತಿಲ್ಲ.

ಹಸಿರುಡುಗೆ (ಅರಿವಳಿಕೆ ವೈದ್ಯೆ)

ಅಣ್ಣಾ, ಟಿಬಿ ಮತ್ತು ಖಿನ್ನತೆಯ ನಂಟು ಇನ್ನೂ ಹಳೆಯದು. ಖಿನ್ನತೆಯ ಮೊದಲ ಮಾತ್ರೆಗಳಲ್ಲಿ ಒಂದು ಹುಟ್ಟಿದ್ದೇ ಟಿಬಿ ವಾರ್ಡಿನಲ್ಲಿ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಇಪ್ರೊನಯಾಜಿಡ್ ಪ್ರಯೋಗ ಮಾಡಿದಾಗ ರೋಗಿಗಳ ಮುಖವೇ ಬದಲಾಯಿತು, ವಾರ್ಡಿನಲ್ಲಿ ಕುಣಿದಾಡಿದರು. ಅದೂ ಅದೇ ಕಿಣ್ವ ಕಟ್ಟುವ ಔಷಧ.

ಐವತ್ತರ ಹೊಸಿಲು

ನನಗೆ ಇದೆಲ್ಲ ಓದಿ ನಗು ಬಂತು. ನಿಮಗೆಲ್ಲ ಬೆವರು ತರಿಸುವ ಮಾತ್ರೆಯನ್ನು ನನಗೆ ಬೆವರು ನಿಲ್ಲಿಸಲು ಕೊಟ್ಟಿದ್ದಾರೆ!

ಮುಟ್ಟು ನಿಂತ ಮೇಲೆ ದಿನಕ್ಕೆ ಹತ್ತು ಸಲ ಎದೆಯಿಂದ ಮುಖಕ್ಕೆ ಬೆಂಕಿ ಏರಿದ ಹಾಗೆ. ಮದುವೆ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತು ಬೀಸಣಿಗೆ ಹುಡುಕುವುದೇ ಕೆಲಸ. ಸ್ತನ ಕ್ಯಾನ್ಸರ್ ಆಗಿದ್ದರಿಂದ ಹಾರ್ಮೋನ್ ಕೊಡುವ ಹಾಗಿಲ್ಲ. ವೆನ್ಲಾಫ್ಯಾಕ್ಸಿನ್ ಶುರು ಮಾಡಿದರು. ಪೂರ್ತಿ ಹೋಗಿಲ್ಲ, ಆದರೆ ಹತ್ತು ಇದ್ದದ್ದು ನಾಲ್ಕಾಗಿದೆ. ಇದು ಹೇಗೆ ಸಾಧ್ಯ, ಯಾರಾದರೂ ಹೇಳಿ.

ಇಲಿ ಕಾದವನು

ಅಕ್ಕಾ, ಆ ವಯಸ್ಸಿನಲ್ಲಿ ಕಾವಲುಗಾರ ಬಹಳ ಮುಂಗೋಪಿ ಆಗಿರುತ್ತಾನೆ. ಮೊದಲು ಕಾವು ಸ್ವಲ್ಪ ಏರಿದರೂ ಸುಮ್ಮನಿರುತ್ತಿದ್ದ. ಈಗ ಕೂದಲೆಳೆಯಷ್ಟು ಏರಿದರೂ ಚರ್ಮದ ನಾಳವೆಲ್ಲ ತೆರೆದು ಬೆವರು ಸುರಿಸುತ್ತಾನೆ. ಈ ಮಾತ್ರೆ ಸಣ್ಣ ಡೋಸಿನಲ್ಲಿ ಆ ಮುಂಗೋಪ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ಯಾರೊಕ್ಸೆಟಿನ್ 7.5 ಮಿಲಿಗ್ರಾಂ ಇದಕ್ಕೆಂದೇ ಒಪ್ಪಿಗೆ ಪಡೆಯಿತು. ಖಿನ್ನತೆಗೆ ಕೊಡುವುದು 20ರಿಂದ ಮೇಲೆ.

ನಿಮಗೆ ಪ್ಯಾರೊಕ್ಸೆಟಿನ್ ಬಿಟ್ಟು ವೆನ್ಲಾಫ್ಯಾಕ್ಸಿನ್ ಕೊಟ್ಟಿದ್ದಕ್ಕೂ ಕಾರಣ ಇರಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ತಗೊಳ್ಳುತ್ತಿದ್ದೀರಾ? ಅದು ಲಿವರಿನಲ್ಲಿ ಬದಲಾದ ಮೇಲೇ ಪೂರ್ತಿ ಕೆಲಸ ಮಾಡುವುದು. ಪ್ಯಾರೊಕ್ಸೆಟಿನ್, ಫ್ಲುಆಕ್ಸೆಟಿನ್ ಆ ಬದಲಾವಣೆಗೇ ಅಡ್ಡ ಬರುತ್ತವೆ.

ಐವತ್ತರ ಹೊಸಿಲು

ಹೌದು, ಟಮಾಕ್ಸಿಫೆನ್ನೇ. ಡಾಕ್ಟರಮ್ಮ ಇಷ್ಟೆಲ್ಲ ಹೇಳಿರಲಿಲ್ಲ. "ಇದು ನಿಮಗೆ ಸರಿ" ಅಂದಿದ್ದರು ಅಷ್ಟೇ. ಈಗ ಅವರ ಮೇಲೆ ಗೌರವ ಜಾಸ್ತಿ ಆಯಿತು.

ಪ್ರಕೃತಿ ಮಾರ್ಗ

ಇದಕ್ಕೇ ಹೇಳುವುದು, ಇಂಗ್ಲಿಷ್ ಮದ್ದು ಬೇಡ ಅಂತ. ಆನ್‌ಲೈನ್‌ನಲ್ಲಿ ಸೇಂಟ್ ಜಾನ್ಸ್ ವರ್ಟ್ ಸಿಗುತ್ತದೆ, ಗಿಡಮೂಲಿಕೆ, ಅಡ್ಡ ಪರಿಣಾಮ ಇಲ್ಲ. ಈ ಮಾತ್ರೆಯ ಜೊತೆಗೇ ಶುರು ಮಾಡಿ, ಆಮೇಲೆ ಮಾತ್ರೆ ಬಿಡಿ.

ರಾತ್ರಿ ಡ್ಯೂಟಿ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಗಿಡವೂ ಸೆರೊಟೋನಿನ್ ದಾರಿಯದೇ. ಸರ್ಟ್ರಲಿನ್ ಜೊತೆ ಸೇರಿದರೆ ನಾನು ಹೇಳಿದ ಅಜ್ಜಿಯ ಕಥೆಯೇ ಆಗಬಹುದು. ಗಿಡಕ್ಕೆ ಬೇರಿದೆ ಅಂತ ಅದು ನಿಮ್ಮ ಮಿದುಳಿನಲ್ಲಿ ಬೇರೆ ಕಾನೂನು ಪಾಲಿಸುವುದಿಲ್ಲ.

ಕಲಬುರಗಿ ಸಿಸ್ಟರ್

ಮಾನಸಿಕ ರೋಗ ವಿಭಾಗದಲ್ಲಿ ಹದಿನೈದು ಬೇಸಿಗೆ ಕಳೆದವಳು ನಾನು. ಬೆವರು ಬರುವವರ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಬೆವರು ಬಾರದವರ ಬಗ್ಗೆ ಭಯ.

ಅಮಿಟ್ರಿಪ್ಟಿಲಿನ್ ತಗೊಳ್ಳುವವರು, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ತಗೊಳ್ಳುವವರು. ಇವು ಬೆವರಿನ ಗ್ರಂಥಿಗೇ ಬೀಗ ಹಾಕುತ್ತವೆ. 42 ಡಿಗ್ರಿ ಬಿಸಿಲಿನಲ್ಲಿ ತೊಗರಿ ಚೀಲ ಹೊತ್ತು ಬಂದವನ ಮೈ ಮುಟ್ಟಿದರೆ ಬಿಸಿ ಹಂಚಿನ ಹಾಗೆ, ಆದರೆ ಒಣಗಿರುತ್ತದೆ. ಆಗ ನಾವು ಓಡುತ್ತೇವೆ. ಲಿಥಿಯಂ ತಗೊಳ್ಳುವವರಿಗೆ ಇನ್ನೊಂದು ತಾಪತ್ರಯ. ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ.

ರಾಯಚೂರಿನ ತಮ್ಮಾ, ನಿನ್ನ ಡಾಕ್ಟರ್ ಬೆವರು ಕಡಿಮೆ ಮಾಡಲು ಇನ್ನೊಂದು ಮಾತ್ರೆ ಕೊಡೋಣ ಅಂದರೆ "ಸಾರ್, ನಾನು ಬಿಸಿಲಲ್ಲಿ ಓಡಾಡುತ್ತೇನೆ" ಅಂತ ಬಾಯಿಬಿಟ್ಟು ಹೇಳು. ಡೋಸ್ ಇಳಿಸುವುದೋ, ಬೆಳಗ್ಗೆ ತಗೊಳ್ಳುವುದೋ, ಬೇರೆ ಮಾತ್ರೆಗೆ ಹೋಗುವುದೋ, ಅದನ್ನು ಮೊದಲು ಕೇಳು.

ಮರಳುಗಾಡಿನ ಕನ್ನಡಿಗ

ನಾನು ದುಬೈಯಲ್ಲಿ ಕಟ್ಟಡ ಕೆಲಸದ ಸೂಪರ್‌ವೈಸರ್. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಲ್ಲಿ ಕೆಲಸ ನಿಷೇಧ. ಉಳಿದ ಹೊತ್ತು ಬಿಸಿಲಂತೂ ಇದ್ದೇ ಇದೆ. ನಾನೂ ಎರಡು ವರ್ಷದಿಂದ ಎಸ್ಸಿಟಲೊಪ್ರಾಮ್ ಮೇಲಿದ್ದೇನೆ. ಕಂಪನಿಯಲ್ಲಿ ಯಾರಿಗೂ ಗೊತ್ತಿಲ್ಲ, ಇಲ್ಲಿ ಹೆಸರಿಲ್ಲದೆ ಹೇಳುತ್ತಿದ್ದೇನೆ.

ಬೆವರು ಜಾಸ್ತಿ ಅಂತ ದಿನಕ್ಕೆ ಏಳೆಂಟು ಲೀಟರ್ ಬರಿ ನೀರು ಕುಡಿದೆ. ಒಂದು ದಿನ ತಲೆನೋವು, ವಾಂತಿ, ಮಾತು ತೊದಲಿತು. ಬಿಸಿಲು ಹೊಡೆಯಿತು ಅಂದುಕೊಂಡರು. ರಕ್ತ ನೋಡಿದರೆ ಸೋಡಿಯಂ 124, ಬಹಳ ಕಡಿಮೆ. ಡಾಕ್ಟರ್ ಹೇಳಿದ್ದು: ಈ ಮಾತ್ರೆಗಳು ಕೆಲವರಲ್ಲಿ ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಉಪ್ಪು ತೆಳ್ಳಗಾಗುತ್ತದೆ. ಬೆವರಲ್ಲಿ ಉಪ್ಪು ಹೋಗುತ್ತಿದೆ, ನಾನು ಬರಿ ನೀರು ಸುರಿಯುತ್ತಿದ್ದೇನೆ. ಈಗ ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ. ಬಿಪಿಗೆ ನೀರು ಇಳಿಸುವ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಇದು ಇನ್ನೂ ಬೇಗ ಆಗುತ್ತದಂತೆ.

ಮಲೆನಾಡ ಮಳೆ

ಅಂದರೆ ಅಮ್ಮ ಕೊಟ್ಟ ಮಜ್ಜಿಗೆ ಸರಿಯೇ ಇತ್ತು. ಕಾರಣ ಮಾತ್ರ ತಪ್ಪು.

ಬಿಸಿಲೂರು ಹುಡುಗ

ಎರಡು ವಾರ ಆಯಿತು, ಹೇಳಿಬಿಡುತ್ತೇನೆ. ಡಾಕ್ಟರ್ ಹತ್ತಿರ ಹೋಗಿದ್ದೆ. ಬೆವರಿನ ಮಾತು ಮೊದಲ ಸಲ ಎತ್ತಿದೆ. ಅವರು ರಕ್ತದ ಸೋಡಿಯಂ ನೋಡಿಸಿದರು, 138, ಸರಿ ಇದೆ. ಥೈರಾಯ್ಡ್ ಕೂಡ ನೋಡಿಸಿದರು. 100 ಇದ್ದದ್ದನ್ನು 75ಕ್ಕೆ ಇಳಿಸಿ ಬೆಳಗ್ಗೆ ತಿಂಡಿ ಆದ ಮೇಲೆ ತಗೊಳ್ಳಲು ಹೇಳಿದರು. ಪಾದ ಒತ್ತಿಯೂ ನೋಡಿದರು! ನಾನೇ ಕೇಳಿದೆ. "ಎಲ್ಲಿ ಓದಿದಿ?" ಅಂತ ನಕ್ಕರು. ಬಡಿಯಲಿಲ್ಲ.

ರಾತ್ರಿ ದಿಂಬು ಈಗ ಒಣಗಿಯೇ ಇರುತ್ತದೆ. ಹಗಲಿನ ಬೆವರು ಅರ್ಧ ಉಳಿದಿದೆ. ಕೌಂಟರಿನಲ್ಲಿ ಒಂದು ಟವೆಲ್ ಇಟ್ಟುಕೊಂಡಿದ್ದೇನೆ. ಅಮ್ಮ ಮಾತ್ರ "ನೋಡಿದ್ಯಾ, ಗುಳಿಗೆ ಕಡಿಮೆ ಮಾಡಿದ್ದಕ್ಕೇ ಹೀಟು ಇಳೀತು" ಅಂತ ಗೆದ್ದ ಖುಷಿಯಲ್ಲಿದ್ದಾರೆ. ವಾದ ಮಾಡಲಿಲ್ಲ.

ಹೊಸಬಳು_77

ಇಷ್ಟು ದಿನ ಈ ಚರ್ಚೆ ಓದುತ್ತಿದ್ದೆ. ಈಗಷ್ಟೇ ಎದ್ದು ಹೋಗಿ ಅಮ್ಮನ ಮಾತ್ರೆ ಡಬ್ಬಿ ತೆಗೆದೆ. ಡ್ಯುಲೊಕ್ಸೆಟಿನ್ ಇದೆ, ಸಕ್ಕರೆ ಕಾಯಿಲೆಯ ಕಾಲುರಿಗೆ ಕೊಟ್ಟಿದ್ದು. ಪಕ್ಕದಲ್ಲೇ ಮೊಣಕಾಲಿನ ಡಾಕ್ಟರ್ ಮೊನ್ನೆ ಬರೆದುಕೊಟ್ಟ ಸ್ಟ್ರಿಪ್. ಹಿಂದೆ ಸಣ್ಣ ಅಕ್ಷರದಲ್ಲಿ "ಟ್ರಮಡಾಲ್ 37.5, ಪ್ಯಾರಾಸಿಟಮಾಲ್ 325". ಮೂರು ದಿನದಿಂದ ಎರಡೂ ನುಂಗುತ್ತಿದ್ದಾರೆ. ನಿನ್ನೆಯಿಂದ ಕೈ ಸ್ವಲ್ಪ ನಡುಗುತ್ತದೆ ಅಂತಿದ್ದರು, ವಯಸ್ಸು ಅಂದುಕೊಂಡೆ. ಏನು ಮಾಡಲಿ?

ಮೆಡಿಕಲ್ ಶಾಪ್ ಅಣ್ಣ

ತಂಗೀ, ಮುಂದಿನ ಟ್ರಮಡಾಲ್ ಡೋಸ್ ಕೊಡಬೇಡ. ಎರಡೂ ಸ್ಟ್ರಿಪ್ ಫೋಟೋ ತೆಗೆದು ಈಗಲೇ ಡಾಕ್ಟರಿಗೆ ಫೋನ್ ಮಾಡು. ಡ್ಯುಲೊಕ್ಸೆಟಿನ್ ಕೂಡ ಸೆರೊಟೋನಿನ್ ದಾರಿಯದೇ, ಅದರ ಬಗ್ಗೆ ಅವರು ಹೇಳಿದ ಹಾಗೆ ಕೇಳು.

ರಾತ್ರಿ ಡ್ಯೂಟಿ

ಜ್ವರ ಇದೆಯಾ? ಗಾಬರಿ, ಭೇದಿ, ಮೈಯೆಲ್ಲ ಬೆವರು? ಒಂದಿದ್ದರೂ ಫೋನಿಗೆ ಕಾಯಬೇಡಿ, ಹತ್ತಿರದ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಸ್ಟ್ರಿಪ್ ಕೈಯಲ್ಲಿರಲಿ.

ಹೊಸಬಳು_77

ಜ್ವರ 99. ಬೆವರು ಇದೆ. ಹೊರಡುತ್ತಿದ್ದೇವೆ.

ಹೊಸಬಳು_77

ವಾಪಸ್ ಬಂದೆವು. ರಾತ್ರಿ ಪೂರ್ತಿ ಇಟ್ಟುಕೊಂಡು ನೋಡಿದರು. ಪಾದ ಮೂರು ಸಲ ಬಡಿಯಿತು, ಮಂಡಿ ತಟ್ಟಿದರೆ ಕಾಲು ಜೋರಾಗಿ ಎಗರಿತು. "ಶುರುವಾಗುತ್ತಿತ್ತು, ಸದ್ಯ ಬಂದಿರಿ" ಅಂದರು. ಬೆಳಗ್ಗೆ ಹೊತ್ತಿಗೆ ನಡುಕ ಕಡಿಮೆ. ಮೊಣಕಾಲಿಗೆ ಬೇರೆ ಮಾತ್ರೆ ಬರೆದಿದ್ದಾರೆ. ಅಮ್ಮ ಈಗ ಕಾಫಿ ಕುಡಿಯುತ್ತಾ, ಸುಮ್ನೆ ಮಲಗಿದ್ದವಳನ್ನು ಎಬ್ಬಿಸಿಕೊಂಡು ಹೋಗಿ ಎರಡು ಸಾವಿರ ಖರ್ಚು ಮಾಡಿಸಿದೆ ಅಂತ ನನ್ನನ್ನೇ ಬೈಯುತ್ತಿದ್ದಾರೆ. ಲೋಟ ಹಿಡಿದ ಕೈ ನೋಡುತ್ತಾ ಕೂತಿದ್ದೇನೆ. ಅಲುಗುತ್ತಿಲ್ಲ.